ರ‍್ಯಾಪಿನಲ್ಲಿ ಸಾಹಿತ್ಯದ ತೂಕ ಎಷ್ಟು?

ಹಿಪ್ ಹಾಪ್ ಬಗ್ಗೆ ಬಂದ ಪತ್ರಗಳಲ್ಲಿ ಐದನ್ನು ಈ ಸಂಚಿಕೆಗೆ ಆರಿಸಿದ್ದೇವೆ.

ಪ್ರಶ್ನೆ: ಬೀಟ್ ಕುಣಿಸುವ ಹಾಗಿದ್ದರೆ ಸಾಲುಗಳು ಹೇಗಿದ್ದರೂ ನಡೆಯುತ್ತದೆ ಅನ್ನುತ್ತಾನೆ ನನ್ನ ಮಗ. ರ‍್ಯಾಪ್ ಅಂದರೆ ಮಾತೇ ಅಲ್ಲವೇ?
– ಓದುಗರು, ಶಿವಮೊಗ್ಗ

ಉತ್ತರ: ಹಿಪ್ ಹಾಪ್ ಹುಟ್ಟಿದ ಕಾಲಕ್ಕೆ ಹೋದರೆ ನ್ಯಾಯ ನಿಮ್ಮ ಮಗನ ಕಡೆಗಿದೆ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, 1520 ಸೆಜ್‌ವಿಕ್ ಅವೆನ್ಯೂ ಕಟ್ಟಡದಲ್ಲಿ ಡಿಜೆ ಕೂಲ್ ಹರ್ಕ್ ಸಂಗೀತ ನುಡಿಸಿದ ಪಾರ್ಟಿಯನ್ನೇ ಹಿಪ್ ಹಾಪ್‌ನ ಹುಟ್ಟು ಎಂದು ಎಣಿಸುತ್ತಾರೆ. ಜನ ಬಂದದ್ದು ಡಿಜೆಗಾಗಿ. ಮೈಕ್ ಹಿಡಿದ ಕೋಕ್ ಲಾ ರಾಕ್ ಗೆಳೆಯರ ಹೆಸರು ಕೂಗುತ್ತಾ ಕುಣಿಯುವವರನ್ನು ಹುರಿದುಂಬಿಸಿದರೆ ಸಾಕಿತ್ತು. 1979ರ ‘ರ‍್ಯಾಪರ್ಸ್ ಡಿಲೈಟ್’ ಹಾಡಿನಲ್ಲಿ ಬಿಗ್ ಬ್ಯಾಂಕ್ ಹ್ಯಾಂಕ್ ಹಾಡಿದ ಸಾಲುಗಳು ಇನ್ನೊಬ್ಬ ರ‍್ಯಾಪರ್ ಗ್ರ್ಯಾಂಡ್‌ಮಾಸ್ಟರ್ ಕ್ಯಾಜ್ ಅವರವು. ಕ್ಯಾಜ್ ತಮ್ಮ ಅಡ್ಡಹೆಸರನ್ನು ಅಕ್ಷರ ಬಿಡಿಸಿ ಹೇಳುವ ಸಾಲನ್ನೂ ಹ್ಯಾಂಕ್ ತಿದ್ದದೆ ಹಾಗೆಯೇ ಹಾಡಿಬಿಟ್ಟರು! ಆಗ ಸಾಹಿತ್ಯಕ್ಕೆ ಇದ್ದ ಮರ್ಯಾದೆ ಅಷ್ಟು.

1982ರ ‘ದಿ ಮೆಸೇಜ್’ ಹಾಡು ಕೇರಿಯ ಬಡತನವನ್ನು ಕಣ್ಣಿಗೆ ಕಟ್ಟುವಂತೆ ಹೇಳಿದಾಗ ಮೈಕ್ ಹಿಡಿದವನು ಮುಂದಕ್ಕೆ ಬಂದ. 1987ರ ‘ಪೇಯ್ಡ್ ಇನ್ ಫುಲ್’ ಆಲ್ಬಮ್‌ನಲ್ಲಿ ರಕೀಮ್ ಪ್ರಾಸವನ್ನು ಸಾಲಿನ ಕೊನೆಯಿಂದ ಬಿಡಿಸಿ ಸಾಲಿನ ಹೊಟ್ಟೆಯೊಳಗೂ ಇಟ್ಟರು, ವಾಕ್ಯ ಒಂದು ಬಾರ್ (ತಾಳದ ಒಂದು ಸುತ್ತು) ದಾಟಿ ಇನ್ನೊಂದಕ್ಕೆ ಹರಿಯುವಂತೆ ಮಾಡಿದರು. ಅವರು ಸ್ಯಾಕ್ಸೊಫೋನ್ ನುಡಿಸುತ್ತಿದ್ದವರು. ಉಸಿರಿನ ಲೆಕ್ಕ ಅಲ್ಲಿಂದಲೇ ಬಂದದ್ದು.

ಸಾಹಿತ್ಯದ ತೂಕ ಹಾಡಿನ ಕೆಲಸದ ಮೇಲೆ ನಿಂತಿದೆ. ಕುಣಿತದ ಹಾಡಿಗೆ ನಾಲ್ಕು ಸಾಲಿನ ಗಟ್ಟಿ ಹುಕ್ (ಮತ್ತೆ ಮತ್ತೆ ಬರುವ ಪಲ್ಲವಿ) ಸಾಕು, ಉಳಿದದ್ದು ಸಾಧಾರಣವಾಗಿದ್ದರೂ ಯಾರೂ ಕೇಳುವುದಿಲ್ಲ. ಇಬ್ಬರು ಎದುರುಬದುರು ನಿಂತು ಸೆಣಸುವ ಬ್ಯಾಟಲ್‌ನಲ್ಲಿ ಎದುರಾಳಿಗೆ ತಗಲುವ ಮಾತು ಸಾಲಿನ ಕೊನೆಗೇ ಬರಬೇಕು. ಕಥೆ ಹೇಳುವ ಹಾಡಿಗೆ ವಿವರ ಬೇಕು. ಈ ಮೂರರಲ್ಲೂ ರಿಯಾಯಿತಿ ಇಲ್ಲದ್ದು ಒಂದೇ, ಅಕ್ಷರ ತಾಳದ ಮೇಲೆ ಕೂರುವುದು. ರ‍್ಯಾಪರ್ ಕೆಂಡ್ರಿಕ್ ಲಮಾರ್‌ಗೆ 2018ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂದಾಗ ಅದು ಬಂದದ್ದು ಸಂಗೀತ ವಿಭಾಗದಲ್ಲಿ, ಕಾವ್ಯ ವಿಭಾಗದಲ್ಲಲ್ಲ. ಅದೇ ಸರಿ ಅನ್ನಿಸುತ್ತದೆ ನಮಗೆ.

ಪ್ರಶ್ನೆ: ಪದಸಂಪತ್ತು ಹೆಚ್ಚಿದ್ದವರು ದೊಡ್ಡ ರ‍್ಯಾಪರ್‌ಗಳೇ?
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ಅಲ್ಲ. 2014ರಲ್ಲಿ ಮ್ಯಾಟ್ ಡೇನಿಯಲ್ಸ್ ಎಂಬವರು ಒಬ್ಬೊಬ್ಬ ರ‍್ಯಾಪರ್‌ನ ಮೊದಲ 35,000 ಪದ ತೆಗೆದುಕೊಂಡು ಅದರಲ್ಲಿ ಬೇರೆ ಬೇರೆ ಪದ ಎಷ್ಟಿವೆ ಎಂದು ಎಣಿಸಿದ್ದರು. ಏಸಾಪ್ ರಾಕ್ 7 ಸಾವಿರ ದಾಟಿ ತುತ್ತತುದಿಯಲ್ಲಿದ್ದರು. ಡಿಎಂಎಕ್ಸ್ 3 ಸಾವಿರದ ಚಿಲ್ಲರೆಯೊಂದಿಗೆ ತಳದಲ್ಲಿ. ಆದರೆ ಡಿಎಂಎಕ್ಸ್‌ರ ಮೊದಲ ಐದು ಆಲ್ಬಮ್‌ಗಳೂ ಅಮೆರಿಕದ ಬಿಲ್‌ಬೋರ್ಡ್ 200 ಪಟ್ಟಿಗೆ ಒಂದನೇ ಸ್ಥಾನದಲ್ಲೇ ಕಾಲಿಟ್ಟಂಥವು. ಆ ಗಂಟಲು, ಆ ನಿಲುಗಡೆ ನಿಘಂಟಿನಲ್ಲಿ ಸಿಗುವುದಿಲ್ಲ. ಅಂದಹಾಗೆ ಕನ್ನಡಕ್ಕೆ ಈ ಎಣಿಕೆ ಹೊಂದುವುದೂ ಇಲ್ಲ: ಮನೆ, ಮನೆಗೆ, ಮನೆಯಲ್ಲಿ, ಮನೆಯಿಂದ ಅಂದರೆ ನಾಲ್ಕು ಪದ ಆಗಿಬಿಡುತ್ತದೆ.

ಪ್ರಶ್ನೆ: ಕನ್ನಡದಲ್ಲಿ ರ‍್ಯಾಪ್ ಬರೆಯುತ್ತೇನೆ. ಪ್ರಾಸ ಇದೆ, ವಿಷಯ ಇದೆ. ಆದರೂ ಓದಿದ ಹಾಗೆ ಕೇಳಿಸುತ್ತದೆ, ಹಾಡಿದ ಹಾಗೆ ಅಲ್ಲ. ಎಲ್ಲಿ ತಪ್ಪಾಗುತ್ತಿದೆ?
– ಓದುಗರು, ತುಮಕೂರು

ಉತ್ತರ: ನೀವು ಕಳಿಸಿದ ಸಾಲುಗಳಲ್ಲಿ ಎರಡನ್ನು ನೋಡೋಣ.

ಬಸ್ಸಿನ ನೂಕಲ್ಲಿ ನಿಂತ್ಕೊಂಡು ಹೋಗ್ತೀನಿ
ಮೇಸ್ತ್ರಿಯ ಬೈಗುಳ ಕೇಳ್ಕೊಂಡು ಬರ್ತೀನಿ

ಇಲ್ಲಿ ತೊಂದರೆ ಎರಡು. ಮೊದಲನೆಯದು, ಹೋಗ್ತೀನಿ–ಬರ್ತೀನಿ ಪ್ರಾಸವೇ ಅಲ್ಲ, ಒಂದೇ ಪ್ರತ್ಯಯ ಎರಡು ಸಲ ಬಂದಿದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಸಾಲಿನ ತುದಿಗೆ ಈ ತೀನಿ, ತಾನೆ, ಬೇಕು, ಇಲ್ಲ ಪುಕ್ಕಟೆ ಸಿಗುತ್ತವೆ. ಪುಕ್ಕಟೆ ಸಿಕ್ಕಿದ್ದು ಕಿವಿಗೆ ಗೊತ್ತಾಗುತ್ತದೆ.

ಎರಡನೆಯದು ಮಾತ್ರೆ. ಬೀಟಿನ ಒಂದು ಬಾರ್‌ನಲ್ಲಿ ನಾಲ್ಕು ಪೆಟ್ಟು, ಪೆಟ್ಟಿಗೆ ನಾಲ್ಕು ಭಾಗ, ಒಟ್ಟು 16 ಮನೆ. ಲಘುವಿಗೆ ಒಂದು ಮನೆ, ಗುರುವಿಗೆ ಎರಡು ಎಂದು ಇಟ್ಟುಕೊಂಡರೆ ನಿಮ್ಮ ಮೊದಲ ಸಾಲು 19 ಮಾತ್ರೆ, ಎರಡನೆಯದು 18. ಇಬ್ಬರು ಕೂರುವ ಸೀಟಿಗೆ ಮೂವರು. ಅದಕ್ಕೇ ಕೊನೆಗೆ ಓಡುತ್ತೀರಿ, ಓಡಿದರೂ ಪ್ರಾಸ ನಾಲ್ಕನೇ ಪೆಟ್ಟಿಗೆ ಸಿಗುವುದಿಲ್ಲ. ಹೀಗೆ ತಿದ್ದಿ ನೋಡಿ:

ಬಸ್ಸಲಿ ನೂಕು, ಕೈಯಲಿ ಬುತ್ತಿ
ಮೇಸ್ತ್ರಿಯ ಮಾತು ಬೆನ್ನಿಗೆ ಕತ್ತಿ

ಎರಡೂ ಸಾಲು 4, 3, 4, 3. ಪ್ರತಿ ಮೂರರ ನಂತರ ಒಂದು ಮನೆ ಖಾಲಿ ಬಿಟ್ಟರೆ 16 ತುಂಬಿತು. ನಾಲ್ಕು ಪದವೂ ನಾಲ್ಕು ಪೆಟ್ಟಿನ ಮೇಲೆ ಬೀಳುತ್ತವೆ. ‘ಬುತ್ತಿ’, ‘ಕತ್ತಿ’ ನೇರ ಸ್ನೇರ್ ಡ್ರಮ್ಮಿನ ಮೇಲೆ, ಅಂದರೆ ನಾಲ್ಕನೇ ಪೆಟ್ಟಿಗೆ. ಕ್ರಿಯಾಪದ ಒಂದೂ ಇಲ್ಲ, ಅರ್ಥಕ್ಕೆ ಕೊರತೆಯೂ ಇಲ್ಲ.

ಇದು ಹೊಸ ಲೆಕ್ಕವೇನಲ್ಲ. ಮಂದಾನಿಲ ರಗಳೆಯ ಸಾಲು ನಾಲ್ಕು ಮಾತ್ರೆಯ ನಾಲ್ಕು ಗಣ, ಅಂದರೆ ಸರಿಯಾಗಿ ಒಂದು ಬಾರ್. ಆದರೆ ಇಡೀ ಹಾಡು ಹೀಗೇ ಪೆಟ್ಟಿಗೆ ಪದ ಅಂತ ಸಾಗಿದರೆ ಶಾಲೆಯ ಪದ್ಯದ ಹಾಗಾಗುತ್ತದೆ. ಆಗ ಭಾಮಿನಿ ಷಟ್ಪದಿಯನ್ನು ಕರೆಯಿರಿ. ಅದರ ಚಿಕ್ಕ ಸಾಲು 3+4+3+4, ಒಟ್ಟು 14. ಗಣಗಳು 1, 4, 8, 11ನೇ ಮನೆಗಳಲ್ಲಿ ಶುರುವಾಗುತ್ತವೆ. ಪೆಟ್ಟು ಇರುವುದು 1, 5, 9, 13ರಲ್ಲಿ. ಮೊದಲನೆಯದು ಬಿಟ್ಟರೆ ಯಾವುದೂ ಪೆಟ್ಟಿನ ಮೇಲೆ ಬೀಳದೆ ಜಾರುತ್ತದೆ, ಆ ಜಾರುವಿಕೆಯೇ ಫ್ಲೋ. ಕೊನೆಯ ಎರಡು ಮನೆ ಖಾಲಿ, ಉಸಿರು ತೆಗೆದುಕೊಳ್ಳಲು. ಎರಡು ಬಾರ್ ನೇರ ನಡೆಸಿ, ಎರಡು ಬಾರ್ ಜಾರಿಸಿ.

ಎಣಿಸುವಾಗ ಬಾಯಲ್ಲಿ ಬರುವ ರೂಪವನ್ನೇ ಎಣಿಸಿ. ‘ಮಾಡುತ್ತೇನೆ’ 7 ಮಾತ್ರೆ, ‘ಮಾಡ್ತೀನಿ’ 5. ಎರಡು ಮಾತ್ರೆ ಮಿಗಿಸಲು ಕೆಲವೊಮ್ಮೆ ಇಷ್ಟೇ ಸಾಕು.

ಪ್ರಶ್ನೆ: ವೇಗವಾಗಿ ಹೇಳುವುದೇ ನಿಜವಾದ ಕೌಶಲ ಅಲ್ಲವೇ?
– ಓದುಗರು, ಹಾಸನ

ಉತ್ತರ: ಎಮಿನೆಮ್‌ರ 2013ರ ‘ರ‍್ಯಾಪ್ ಗಾಡ್’ 6 ನಿಮಿಷ 4 ಸೆಕೆಂಡಿನಲ್ಲಿ 1,560 ಪದ ಹಿಡಿದು ಗಿನ್ನೆಸ್ ದಾಖಲೆ ಸೇರಿತು. ಸರಾಸರಿ ಸೆಕೆಂಡಿಗೆ ನಾಲ್ಕು ಪದಕ್ಕೆ ಸ್ವಲ್ಪ ಹೆಚ್ಚು, ಅಷ್ಟೇ. ಎಲ್ಲರೂ ನೆನಪಿಟ್ಟುಕೊಂಡಿರುವ ಬಿರುಸಿನ ತುಂಡು ಸುಮಾರು 15 ಸೆಕೆಂಡಿನದು, ಸುತ್ತಲಿನದು ನಿಧಾನವಾಗಿರುವುದರಿಂದಲೇ ಅದು ಎದ್ದು ಕಾಣುತ್ತದೆ. ವೇಗ ಹೆಚ್ಚಿಸುವ ಮೊದಲು ನಡೆ ಬದಲಿಸಿ ನೋಡಿ. ಪೆಟ್ಟಿಗೆ ತಕಧಿಮಿ ಬದಲು ತಕಿಟ ಇಟ್ಟರೆ ಬಾರ್‌ಗೆ 12 ಅಕ್ಷರ. ನಮ್ಮ ತಿಶ್ರ ನಡೆಯೇ. ಅಟ್ಲಾಂಟಾದ ಮಿಗೋಸ್ ತಂಡ 2013ರ ನಂತರ ಜನಪ್ರಿಯಗೊಳಿಸಿದ ಟ್ರಿಪ್ಲೆಟ್ ಫ್ಲೋ ಅದು. ಅಕ್ಷರ ಕಡಿಮೆ, ಕೇಳಿಸುವುದು ಮಾತ್ರ ಚುರುಕು.

ಪ್ರಶ್ನೆ: ಹಾಳೆಯ ಮೇಲೆ ಸಾಲು ಚೆನ್ನಾಗಿದೆ ಅನ್ನುತ್ತಾರೆ. ರೆಕಾರ್ಡ್ ಮಾಡಿದ ಮೇಲೆ ಏನು ಹೇಳಿದೆ ಎಂದು ಕೇಳುತ್ತಾರೆ!
– ಓದುಗರು, ಮಂಗಳೂರು

ಉತ್ತರ: ಬಹುಪಾಲು ಉಸಿರಿನ ಕಾರಣ. 90 ಬಿಪಿಎಂ (ನಿಮಿಷಕ್ಕೆ 90 ಪೆಟ್ಟು) ಬೀಟಿನಲ್ಲಿ ಒಂದು ಬಾರ್ 2.67 ಸೆಕೆಂಡ್, 16 ಬಾರ್‌ಗೆ ಸುಮಾರು 43 ಸೆಕೆಂಡ್. ಬಿಡುವಿಲ್ಲದೆ ಬರೆದರೆ ಮೂರನೆಯ ಬಾರ್‌ನಿಂದಲೇ ಸಾಲಿನ ತುದಿ ನುಂಗಿಹೋಗುತ್ತದೆ. ಇಂಗ್ಲಿಷಿನವರಿಗೆ ತುದಿ ಹೋದರೆ ಪ್ರಾಸ ಹೋಯಿತು. ನಮಗೆ ‘ಇಲ್ಲ’, ‘ಬೇಡ’ ಇರುವುದೇ ತುದಿಯಲ್ಲಿ, ಅರ್ಥವೇ ತಿರುಗಿಬೀಳುತ್ತದೆ. ಎರಡು ಬಾರ್‌ಗೆ ಒಮ್ಮೆಯಾದರೂ ಹಾಳೆಯಲ್ಲಿ ಅಡ್ಡಗೀಟು ಹಾಕಿ, ಅಲ್ಲಿ ಎರಡು ಮನೆ ಖಾಲಿ ಬಿಡಿ. ಜಾಗವಿಲ್ಲದಿದ್ದರೆ ಒಂದು ವಿಶೇಷಣ ಹೊಡೆದುಹಾಕಿ.

ಮೈಕಿನಿಂದ ಬಾಯಿಗೆ ಒಂದು ಗೇಣು, ನಡುವೆ ಪಾಪ್ ಫಿಲ್ಟರ್ (ಉಸಿರಿನ ಹೊಡೆತ ತಡೆಯುವ ಜಾಲರಿ). ಪ, ಬ, ಭ ಸಿಡಿಯುತ್ತಿದ್ದರೆ ಮೈಕನ್ನು ಸ್ವಲ್ಪ ಓರೆ ಮಾಡಿ. ದನಿಯನ್ನು ದಪ್ಪ ಮಾಡಲು ಇಡೀ ಪಲುಕನ್ನು ಎರಡು ಸಲ ಹೇಳಿ ಒಂದರ ಮೇಲೊಂದು ಇಡುವ ಅಭ್ಯಾಸವಿದ್ದರೆ ಬಿಡಿ. ಎರಡೂ ಕೂದಲೆಳೆಯಷ್ಟು ಸರಿದರೂ ಒತ್ತಕ್ಷರಗಳು ಕಲಸಿಹೋಗುತ್ತವೆ. ಪ್ರಾಸದ ಪದಗಳನ್ನಷ್ಟೇ ಜೋಡಿ ಮಾಡಿ. ಆಮೇಲೂ ಮಾತು ಮುಳುಗುತ್ತಿದ್ದರೆ ದನಿ ಏರಿಸಬೇಡಿ, ಬೀಟಿನಲ್ಲಿ 2ರಿಂದ 4 ಕಿಲೋಹರ್ಟ್ಸ್ ನಡುವೆ 2–3 ಡೆಸಿಬೆಲ್ ಇಳಿಸಿ. ಕಡೆಗೆ ಫೋನಿನ ಸ್ಪೀಕರಿನಲ್ಲಿ ಸಣ್ಣಗೆ ಹಾಕಿ, ಹಾಡು ಗೊತ್ತಿಲ್ಲದ ಒಬ್ಬರಿಗೆ ಕೇಳಿಸಿ ಪ್ರತಿ ಸಾಲಿನ ಕೊನೆಯ ಪದ ಬರೆಯಲು ಹೇಳಿ. 16ರಲ್ಲಿ ಮೂರು ತಪ್ಪಿದರೆ ಆ ಮೂರು ಸಾಲುಗಳನ್ನಷ್ಟೇ ಮತ್ತೆ ಹೇಳಿ.