ಎತ್ತುವವರಿಗೆ ಭಾರವಾಗಬಾರದು

65 ದಾಟಿದವರನ್ನು ಮಕ್ಕಳು ಕರೆತಂದು "ಊಟವೇ ಬಿಟ್ಟುಬಿಟ್ಟಿದ್ದಾರೆ, ನೀವಾದರೂ ಹೇಳಿ" ಎನ್ನುವ ಪ್ರಕರಣಗಳು ಆಪ್ತಸಲಹೆಗಾರಳಾದ ನನ್ನ ಬಳಿ ಈಚೆಗೆ ಮೇಲಿಂದ ಮೇಲೆ ಬರುತ್ತಿವೆ. ಇವರಲ್ಲಿ ಹಲವರು ಮುನಿಸಿನಿಂದಲೋ ಬೇಸರದಿಂದಲೋ ಊಟ ಬಿಟ್ಟವರಲ್ಲ. ಆರೋಗ್ಯಕ್ಕೆಂದೇ ಬಿಟ್ಟವರು. ಸಹಜವಾಗಿ ಬದುಕಬೇಕು, ಔಷಧಿ ಕಡಿಮೆಯಾಗಬೇಕು, ಗೌರವದಿಂದ ಮುಪ್ಪಾಗಬೇಕು ಎಂದುಕೊಂಡು ಒಂದೊಂದೇ ಪದಾರ್ಥವನ್ನು ತಟ್ಟೆಯಿಂದ ಆಚೆ ಹಾಕುತ್ತ ಬಂದವರು. ಆಸೆಯಲ್ಲಿ ತಪ್ಪೇನೂ ಇಲ್ಲ. ಆದ್ದರಿಂದಲೇ ಇವರೊಂದಿಗೆ ವಾದ ಮಾಡಿ ಗೆಲ್ಲಲು ಆಗುವುದಿಲ್ಲ.

ಅಂಥ ಒಬ್ಬ ತಾಯಿಯ ಕಥೆ ಇದು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಆಕೆಯ ಒಪ್ಪಿಗೆ ಇದೆ.

ಆಕೆಗೆ 68 ವರ್ಷ. ಬಿ.ಪಿ. ಮಾತ್ರೆಯೊಂದು ಬಿಟ್ಟರೆ ಹೇಳಿಕೊಳ್ಳುವಂಥ ಕಾಯಿಲೆಯಿಲ್ಲ. 14 ತಿಂಗಳಲ್ಲಿ 58 ಕೆ.ಜಿ.ಯಿಂದ 49ಕ್ಕೆ ಇಳಿದಿದ್ದರು. ಮಗಳಿಗೆ ಅದು ಗಾಬರಿ, ಅಮ್ಮನಿಗೆ ಹೆಮ್ಮೆ. ಬೆಳಿಗ್ಗೆ ಹಸಿ ಪಾಲಕ್ ಸೊಪ್ಪಿನ ರಸ ಒಂದು ದೊಡ್ಡ ಲೋಟ, ಮಧ್ಯಾಹ್ನ ಹಣ್ಣು ಮತ್ತು ಹಸಿ ತರಕಾರಿ, ಸಂಜೆ ನೆನೆಸಿದ 10 ಬಾದಾಮಿ, ರಾತ್ರಿ 7ರೊಳಗೆ ಬೇಯಿಸಿದ ಗೆಣಸು ಮತ್ತು ತಿಳಿಯಾದ ತರಕಾರಿ ಸೂಪು. ಹಾಲು, ಮೊಸರು, ಮೊಟ್ಟೆ, ಬೇಳೆಕಾಳು ಎಲ್ಲವೂ ಒಂದೊಂದು ಕಾರಣಕ್ಕೆ ಹೊರಗೆ. ದಿನಕ್ಕೆ 40 ನಿಮಿಷ ನಡಿಗೆ ತಪ್ಪಿಸುತ್ತಿರಲಿಲ್ಲ. ಎಲ್ಲದಕ್ಕೂ ಗೆರೆ ಹಾಕಿದ ಒಂದು ನೋಟ್‌ಬುಕ್ ಇತ್ತು: ತಾರೀಕು, ತೂಕ, ಎಷ್ಟು ಗಂಟೆ ಹೊಟ್ಟೆ ಖಾಲಿ ಇತ್ತು.

ಮೊದಲ ಎರಡು ಭೇಟಿಗಳಲ್ಲಿ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ. ನಾನು ಮಾಡಿದ್ದು ಎರಡೇ ಕೆಲಸ. ಒಂದು, ವೈದ್ಯರ ತಪಾಸಣೆ ಆಗದೆ ಮುಂದಿನ ಮಾತು ಬೇಡ ಎಂದೆ. ವಯಸ್ಸಾದವರಲ್ಲಿ 6ರಿಂದ 12 ತಿಂಗಳೊಳಗೆ ತೂಕದ ಶೇ. 5ಕ್ಕಿಂತ ಹೆಚ್ಚು ತಾನಾಗಿ ಇಳಿದರೆ ಥೈರಾಯ್ಡ್, ಸಕ್ಕರೆ ಕಾಯಿಲೆ, ಕರುಳಿನ ತೊಂದರೆ, ಕ್ಯಾನ್ಸರ್, ಖಿನ್ನತೆ ಇವೆಲ್ಲವನ್ನೂ ನೋಡಲೇಬೇಕು. "ಡಯಟ್ ಮಾಡ್ತಿದ್ದೀನಲ್ಲ, ಅದಕ್ಕೇ ಇಳಿದಿದೆ" ಎಂಬ ಉತ್ತರದ ಹಿಂದೆ ನಿಜವಾದ ಕಾಯಿಲೆ ಎಷ್ಟು ದಿನ ಬೇಕಾದರೂ ಅಡಗಿ ಕೂರಬಹುದು. ಹಲ್ಲನ್ನೂ ನೋಡಿಸಬೇಕು. ವಯಸ್ಸಾದವರು ಒಂದು ಪದಾರ್ಥ "ಸೇರಲ್ಲ" ಎಂದರೆ, ಎಷ್ಟೋ ಸಲ ಅದು ಕಟ್ಟಿಸಿದ ಹಲ್ಲಿನ ಸೆಟ್ಟು ಒತ್ತುವ ನೋವು. ಎರಡನೆಯದು, ಮಗಳನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿದೆ.

ವರದಿಯಲ್ಲಿ ಸಿಕ್ಕಿದ್ದು ವಿಟಮಿನ್ ಬಿ12 ಕೊರತೆ. ಮಿಲಿಲೀಟರಿಗೆ 160 ಪಿಕೋಗ್ರಾಂ. 200ರ ಕೆಳಗಿದ್ದರೆ ಸಾಮಾನ್ಯವಾಗಿ ಕೊರತೆ ಎಂದೇ ಎಣಿಸುತ್ತಾರೆ. ಬೇರೆ ದೊಡ್ಡ ಕಾಯಿಲೆ ಇರಲಿಲ್ಲ, ಮೂತ್ರಪಿಂಡ ಸರಿಯಾಗಿತ್ತು.

ಮೂರನೆಯ ಭೇಟಿಯ ಕೊನೆ. ಹೊರಡಲೆಂದು ಆಕೆ ಕುರ್ಚಿಯ ಕೈಗಳನ್ನು ಒತ್ತಿ ಏಳಲು ನೋಡಿದರು, ಆಗಲಿಲ್ಲ. ಮುಂದಕ್ಕೆ ಜರುಗಿ, ಒಮ್ಮೆ ತೂಗಿಕೊಂಡು, ಎರಡನೆಯ ಸಲಕ್ಕೆ ಎದ್ದರು. ಆಗಷ್ಟೇ ಒಳಗೆ ಬಂದಿದ್ದ ಮಗಳು ರೆಟ್ಟೆ ಹಿಡಿಯಲು ಹೋದಳು. ಆಕೆ ಆ ಕೈಯನ್ನು ಸರಿಸಿದ ರಭಸ ನೋಡಿ ನಾನು ಇಬ್ಬರನ್ನೂ ಮತ್ತೆ ಕೂರಿಸಿದೆ.

"ಕೈ ಹಿಡಿದರೆ ಯಾಕಮ್ಮ ಬೇಸರ?" ಎಂದೆ.

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನೋಡಮ್ಮ, ನಮ್ಮತ್ತೆ ನಾಲ್ಕು ವರ್ಷ ಹಾಸಿಗೇಲಿ ಇದ್ದರು. ದಪ್ಪ ಜೀವ. ಹೊರಳಿಸೋಕೆ, ಒರೆಸೋಕೆ, ಎತ್ತಿ ಕೂರಿಸೋಕೆ ನಾನೊಬ್ಬಳೇ. ನನ್ನ ಬೆನ್ನು ಹೋಗಿದ್ದು ಆಗಲೇ. ಇವಳೂ ಒಬ್ಬಳೇ ಮಗಳು. ನಾನು ಹಗುರ ಆಗಬೇಕು. ನಾಳೆ ಎತ್ತೋರಿಗೆ ಭಾರ ಆಗಬಾರದು."

ಮಗಳು ಅಮ್ಮನ ಮುಖವನ್ನೇ ನೋಡುತ್ತ ಕೂತಳು. ಮನೆಯಲ್ಲಿ ತಿಂಗಳುಗಟ್ಟಲೆ ನಡೆದ ಜಗಳವೆಲ್ಲ ಪಾಲಕ್ ರಸದ ಬಗ್ಗೆ. ಈ ಮಾತು ಒಂದು ಸಲವೂ ಬಂದಿರಲಿಲ್ಲ.

ಸಲಹೆಗಾರರು ಇಂಥ ಹೊತ್ತಿನಲ್ಲಿ ಸುಮ್ಮನಿರಬೇಕು, ಭಾವನೆಗೆ ಜಾಗ ಬಿಡಬೇಕು ಎಂದು ನಮಗೆ ಕಲಿಸುತ್ತಾರೆ. ಅಂದು ನಾನು ಸುಮ್ಮನಿರಲಿಲ್ಲ. "ಎತ್ತಬೇಕಾದ ದಿನ ಬರಬಾರದು ಅಂತಾದರೆ ಅದಕ್ಕೆ ಬೇಕಾಗಿರೋದು ತೊಡೆಯ ಬಲ. ನೀವು ಕರಗಿಸ್ತಾ ಇರೋದು ಅದನ್ನೇ" ಎಂದೆ. ಒರಟಾಗಿ ಕೇಳಿಸಿರಬಹುದು. ಆದರೆ ಆಕೆ ಲೆಕ್ಕದ ಮನುಷ್ಯೆ. ಸಮಾಧಾನಕ್ಕಿಂತ ಅಳತೆ ಕೊಟ್ಟರೆ ಕೇಳುತ್ತಾರೆ ಎನಿಸಿತು. ಕೈಗಳನ್ನು ಎದೆಗೆ ಕಟ್ಟಿಕೊಂಡು, ಕುರ್ಚಿಯಿಂದ ಸತತ ಐದು ಸಲ ಪೂರ್ತಿ ಎದ್ದು ಕೂರಬೇಕು, ಎಷ್ಟು ಸೆಕೆಂಡ್ ಬೇಕು ನೋಡೋಣ ಎಂದೆ. 15 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಸ್ನಾಯುಬಲ ಕುಗ್ಗಿದೆ ಎಂದು ಶಂಕಿಸಬೇಕು. ವಯಸ್ಸಾದಂತೆ ಸ್ನಾಯು ಸವೆಯುವ ಸ್ಥಿತಿಯನ್ನು, ಅಂದರೆ ಸಾರ್ಕೊಪೀನಿಯಾವನ್ನು, ಪತ್ತೆ ಹಚ್ಚಲು ವೈದ್ಯರೂ ಬಳಸುವ ಪರೀಕ್ಷೆ ಇದು. ಆಕೆ ಎರಡು ಸಲ ಎದ್ದರು. ಮೂರನೆಯದಕ್ಕೆ ಕೈ ಊರಿದರು.

"ದಿನಾ ನಡೀತೀನಲ್ಲ!" ಎಂದರು. ನಡಿಗೆ ಹೃದಯಕ್ಕೆ, ಮನಸ್ಸಿಗೆ, ನಿದ್ದೆಗೆ ಒಳ್ಳೆಯದು. ಆದರೆ ಸಮತಟ್ಟು ನೆಲದ ನಡಿಗೆಯಲ್ಲಿ ತೊಡೆ ಪೂರ್ತಿ ಬಲ ಹಾಕುವ ಪ್ರಸಂಗವೇ ಬರುವುದಿಲ್ಲ. ಬಲ ಕೇಳದಿದ್ದರೆ ದೇಹ ಬಲ ಉಳಿಸಿಕೊಳ್ಳುವುದಿಲ್ಲ. ಸಾಲದ್ದಕ್ಕೆ ತಟ್ಟೆಯಲ್ಲಿ ಪ್ರೋಟೀನ್ ಇಲ್ಲ. ಕೊಬ್ಬನ್ನು ಕೂಡಿಟ್ಟ ಹಾಗೆ ಪ್ರೋಟೀನನ್ನು ಕೂಡಿಡಲು ದೇಹಕ್ಕೆ ಬೇರೆ ಜಾಗವಿಲ್ಲ. ಕಡಿಮೆ ಬಿದ್ದರೆ ಸ್ನಾಯುವಿನಿಂದಲೇ ತೆಗೆಯುತ್ತದೆ. ತಕ್ಕಡಿ ಎರಡನ್ನೂ ಒಂದೇ ಅಂಕಿಯಲ್ಲಿ ತೋರಿಸುವುದರಿಂದ ಹೋಗಿದ್ದು ಯಾವುದು ಎಂದು ಗೊತ್ತಾಗುವುದಿಲ್ಲ.

ಆಕೆಯ ನೋಟ್‌ಬುಕ್ಕಿನಲ್ಲೇ ಲೆಕ್ಕ ಹಾಕಿದೆವು. ದಿನದ ಪ್ರೋಟೀನ್ ಎಷ್ಟು ಧಾರಾಳವಾಗಿ ಎಣಿಸಿದರೂ 20 ಗ್ರಾಂ ಮುಟ್ಟಲಿಲ್ಲ. 65 ದಾಟಿದ ಆರೋಗ್ಯವಂತರಿಗೆ ಪ್ರತಿ ಕೆ.ಜಿ. ತೂಕಕ್ಕೆ 1ರಿಂದ 1.2 ಗ್ರಾಂ ಬೇಕು. ಆಹಾರತಜ್ಞೆಯೊಬ್ಬರನ್ನು ಜೊತೆಗೆ ಕರೆದುಕೊಂಡು ಗುರಿಯನ್ನು 55 ಗ್ರಾಂ ಎಂದು ಇಟ್ಟೆವು. ಒಮ್ಮೆಲೇ ಅಲ್ಲ, ವಾರಕ್ಕೆ 10 ಗ್ರಾಮಿನಂತೆ. ಬಹಳ ದಿನ ತೀರಾ ಕಡಿಮೆ ತಿಂದವರು ದಿಢೀರನೆ ಹೊಟ್ಟೆತುಂಬ ತಿಂದರೆ ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ ಕುಸಿಯುವ ಅಪಾಯವಿದೆ. ಕಾಳು ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆಯುಬ್ಬರ ಬಂದು ನಾಲ್ಕೇ ದಿನಕ್ಕೆ "ನನಗೆ ಆಗಿಬರಲ್ಲ" ಎಂಬ ತೀರ್ಪೂ ಬಂದುಬಿಡುತ್ತದೆ. ಮೂತ್ರಪಿಂಡದ ಕಾಯಿಲೆ ಇರುವವರಿಗೆ ಈ ಲೆಕ್ಕ ಹೊಂದುವುದಿಲ್ಲ. ಅವರ ಪ್ರಮಾಣವನ್ನು ವೈದ್ಯರೇ ಹೇಳಬೇಕು.

ಏನು ತಿನ್ನಬೇಕು ಎಂಬುದನ್ನು ಆಕೆಯೇ ಆರಿಸಿದರು. ಮೊಟ್ಟೆ ಬೇಡ, ಮೊಸರು ಆಗಬಹುದು, ಬೇಳೆಕಾಳು ಆಗಬಹುದು. 50 ಗ್ರಾಂ ಒಣ ಬೇಳೆ ಅಥವಾ ಕಾಳಿನಲ್ಲಿ 11–12 ಗ್ರಾಂ ಪ್ರೋಟೀನ್. ಒಣಗಿದ್ದಾಗಲೇ ತೂಗಿ ಎಂದು ಒತ್ತಿ ಹೇಳಿದೆವು. ಎಲ್ಲರೂ ಮೋಸಹೋಗುವುದು ಇಲ್ಲೇ: ಬೆಂದ ಮೇಲೆ ನೀರು ಬೆರೆತು ಬಟ್ಟಲು ತುಂಬಿದಂತೆ ಕಾಣುತ್ತದೆ, ತಿಳಿ ಕುಡಿದವರಿಗೆ ಸಿಗುವುದು ಎರಡು ಮೂರು ಗ್ರಾಂ. 200 ಗ್ರಾಂ ಗಟ್ಟಿ ಮೊಸರಿನಲ್ಲಿ ಸುಮಾರು 7 ಗ್ರಾಂ, ಒಂದು ಹಿಡಿ (30 ಗ್ರಾಂ) ಕಡಲೆಕಾಯಿ ಬೀಜದಲ್ಲಿ 7–8, 250 ಮಿ.ಲೀ. ಹಾಲಿನಲ್ಲಿ 8. ಇದನ್ನು ದಿನವಿಡೀ ಚೂರು ಚೂರಾಗಿ ಹಂಚದೆ ಹೊತ್ತಿಗೆ 20 ಗ್ರಾಮಿನ ಹತ್ತಿರ ಬರುವಂತೆ ನೋಡಿಕೊಳ್ಳಬೇಕು. ಹರೆಯದಲ್ಲಿ ಸ್ವಲ್ಪ ಪ್ರೋಟೀನಿಗೇ ಚುರುಕಾಗುವ ಸ್ನಾಯು ವಯಸ್ಸಾದ ಮೇಲೆ ಅಷ್ಟಕ್ಕೆ ಸ್ಪಂದಿಸುವುದಿಲ್ಲ.

ರಸವನ್ನು ಬಿಡಿಸಲಿಲ್ಲ. ಹಸಿ ಪಾಲಕ್ ಬದಲು ಸೌತೆಕಾಯಿ, ಕ್ಯಾರೆಟ್ ಎಂದೆವು, ಲೋಟ ಅರ್ಧಕ್ಕಿಳಿಯಿತು. ಪಾಲಕ್ಕಿನಲ್ಲಿ ಆಕ್ಸಲೇಟ್, ಅಂದರೆ ಮೂತ್ರಪಿಂಡದಲ್ಲಿ ಹರಳುಗಟ್ಟಬಲ್ಲ ಅಂಶ, ಬಹಳ. ದಿನವೂ ಹಸಿಯಾಗಿ ರಾಶಿ ರಾಶಿ ಕುಡಿದು ಮೂತ್ರಪಿಂಡ ಕೆಡಿಸಿಕೊಂಡವರ ಉದಾಹರಣೆಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಹೆಚ್ಚು ನೀರಿನಲ್ಲಿ ಬೇಯಿಸಿ ಆ ನೀರು ಬಸಿದರೆ ಸಾಕಷ್ಟು ಹೋಗುತ್ತದೆ. ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರಂತೂ ಸೊಪ್ಪಿನ ಪ್ರಮಾಣವನ್ನು ಇದ್ದಕ್ಕಿದ್ದಂತೆ ಏರಿಸುವುದೂ ಬೇಡ, ಇಳಿಸುವುದೂ ಬೇಡ.

ಬಿ12 ಮಾತ್ರೆಗೆ ಮಾತ್ರ ತಕರಾರು ಬಂತು. "ಮಾತ್ರೆ ನೈಸರ್ಗಿಕ ಹೇಗಾಗುತ್ತೆ?" ಬಿ12 ಅನ್ನು ಗಿಡವೂ ಮಾಡುವುದಿಲ್ಲ, ಪ್ರಾಣಿಯೂ ಮಾಡುವುದಿಲ್ಲ. ಮಾಡುವುದು ಸೂಕ್ಷ್ಮಾಣುಗಳು, ಕಾರ್ಖಾನೆಯಲ್ಲಿ ಬೆಳೆಸುವುದೂ ಅವನ್ನೇ. ಜೊತೆಗೆ, ವಯಸ್ಸಾದಂತೆ ಹೊಟ್ಟೆಯ ಆಮ್ಲ ತಗ್ಗುವುದರಿಂದ ಎಷ್ಟೋ ಜನರಿಗೆ ಆಹಾರದಲ್ಲಿರುವ ಬಿ12 ಸರಿಯಾಗಿ ಮೈಗೆ ಹತ್ತುವುದಿಲ್ಲ, ಮಾತ್ರೆಯದು ಹತ್ತುತ್ತದೆ. ಬಿ12 ಕೊರತೆಯ ಲಕ್ಷಣಗಳಾದ ಪಾದ ಜೋಮು ಹಿಡಿಯುವುದು, ಕತ್ತಲಲ್ಲಿ ತೂರಾಡಿದಂತಾಗುವುದು ಆಕೆಗೆ ಆಗಲೇ ಶುರುವಾಗಿತ್ತು. ವಯಸ್ಸಿನ ಲೆಕ್ಕಕ್ಕೆ ಬರೆದುಕೊಂಡಿದ್ದರು.

ವ್ಯಾಯಾಮ ವಾರಕ್ಕೆ ಮೂರು ದಿನ, ನಡುವೆ ಒಂದು ದಿನ ಬಿಡುವು. ಕುರ್ಚಿಯ ಬೆನ್ನು ಗೋಡೆಗೆ ತಾಗಿರಬೇಕು. ಪಾದಗಳು ಮಂಡಿಗಿಂತ ತುಸು ಹಿಂದೆ. ಮೂಗು ಕಾಲ್ಬೆರಳಿನ ಮೇಲೆ ಬರುವಷ್ಟು ಮುಂದೆ ಬಾಗಿ ಏಳಬೇಕು, ನಾಲ್ಕು ಎಣಿಸುತ್ತ ನಿಧಾನ ಕೂರಬೇಕು. ಧೊಪ್ಪನೆ ಕೂತರೆ ಅರ್ಧ ಫಲ ಹೋಯಿತು, ಏಕೆಂದರೆ ಇಳಿಯುವಾಗ ತಡೆಯುವುದೂ ತೊಡೆಯ ಕೆಲಸವೇ. ಉಸಿರು ಬಿಗಿಹಿಡಿದರೆ ಬಿ.ಪಿ. ಏರುತ್ತದೆ, ಏಳುವಾಗ ಉಸಿರು ಬಿಡಬೇಕು. ಮೊದಮೊದಲು ಏಳಲಾಗದವರು ಗಟ್ಟಿ ದಿಂಬೊಂದನ್ನು ಕುರ್ಚಿಯ ಮೇಲೆ ಹಾಕಿ ಎತ್ತರ ಮಾಡಿಕೊಳ್ಳಲಿ. ಐದೈದರ ಎರಡು ಸರದಿಯಿಂದ ಶುರು, ಸಲೀಸಾದ ಮೇಲೆ ಎಂಟೆಂಟು. ಆಮೇಲೆ ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು ಹತ್ತು ಸಲ, ಒಂಟಿಗಾಲಲ್ಲಿ ನಿಲ್ಲುವುದು 10 ಸೆಕೆಂಡ್.

ಬಿ.ಪಿ. ಮಾತ್ರೆಯ ವಿಷಯ ಬಾಯಿಬಿಟ್ಟಿದ್ದು ಐದನೆಯ ಭೇಟಿಯಲ್ಲಿ. ಎದ್ದ ಕೂಡಲೇ ಕಣ್ಣು ಕತ್ತಲೆ ಬರುತ್ತದೆಂದು ಆಗಾಗ ಬಿಡುತ್ತಿದ್ದರಂತೆ. ಮಗಳು ಸಿಡುಕಿದಳು, ನನಗೆ ಮಾತ್ರ ಆಕೆ ಹೇಳುತ್ತಿರುವುದರಲ್ಲಿ ಸತ್ಯವಿದೆ ಎನಿಸಿತು. ತೂಕ ಇಳಿದರೆ ಬಿ.ಪಿ. ಇಳಿಯುತ್ತದೆ, ಹಳೆಯ ಡೋಸ್ ಹೆಚ್ಚಾಗುತ್ತದೆ. ಆದರೆ ಒಂದು ದಿನ ಬಿಟ್ಟು ಒಂದು ದಿನ ನುಂಗುವುದು ಪರಿಹಾರವಲ್ಲ, ಕೆಲವು ಮಾತ್ರೆಗಳನ್ನು ಹಠಾತ್ತನೆ ನಿಲ್ಲಿಸಿದರೆ ಬಿ.ಪಿ. ಚಿಮ್ಮುತ್ತದೆ. ಏಳು ದಿನ ಬೆಳಿಗ್ಗೆ ಸಂಜೆ, ಒಂದು ನಿಮಿಷದ ಅಂತರದಲ್ಲಿ ಎರಡೆರಡು ಸಲ ಅಳೆದು ಬರೆಯಲು ಹೇಳಿದೆ. ಜೊತೆಗೆ ಐದು ನಿಮಿಷ ಮಲಗಿ ಒಂದು ಸಲ, ಎದ್ದು ನಿಂತ 1 ಮತ್ತು 3 ನಿಮಿಷಕ್ಕೆ ಒಂದೊಂದು ಸಲ. ನಿಂತಾಗ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ವೈದ್ಯರಿಗೆ ತಿಳಿಸಲೇಬೇಕು. ಆಕೆಗೆ ಮೇಲಿನದು 24 ಇಳಿಯುತ್ತಿತ್ತು. ಆ ಹಾಳೆ ನೋಡಿ ವೈದ್ಯರು ಡೋಸ್ ಅರ್ಧ ಮಾಡಿದರು. ಬರಿಯ ಬಾಯಿಮಾತಾಗಿದ್ದರೆ "ಮಾತ್ರೆ ತಪ್ಪಿಸಬೇಡಿ" ಎಂದು ಬೈದು ಕಳಿಸುತ್ತಿದ್ದರೇನೋ.

ಮಗಳಿಗೆ ಕೊಟ್ಟ ಸಲಹೆ ಬೇರೆ. ಆರು ವಾರ ಅಮ್ಮನ ತಟ್ಟೆಯ ಬಗ್ಗೆ ತುಟಿ ಬಿಚ್ಚಬಾರದು. ಕದ್ದು ಏನನ್ನೂ ಬೆರೆಸಬಾರದು. ಮಗಳು ಹಿಂದೆ ಸೂಪಿಗೆ ಪ್ರೋಟೀನ್ ಪುಡಿ ಬೆರೆಸಿ ಸಿಕ್ಕಿಬಿದ್ದಿದ್ದಳು; ಅಂದಿನಿಂದ ಅಮ್ಮ ಸೂಪನ್ನು ತಾವೇ ಮಾಡಿಕೊಳ್ಳುತ್ತಿದ್ದರು, ಇನ್ನೂ ತಿಳಿಯಾಗಿ. ಅಮ್ಮ ಏಳುವಾಗ ಕೈ ಕೊಡಬಾರದು, ಪಕ್ಕದಲ್ಲಿ ನಿಂತಿರಬೇಕು ಅಷ್ಟೇ. ಇದು ಅವಳಿಗೆ ಎಲ್ಲಕ್ಕಿಂತ ಕಷ್ಟವಾಯಿತು.

ಆಪ್ತಸಲಹೆಗಾರರಿಗೆ ಗ್ರಾಮು, ಸೆಕೆಂಡುಗಳ ಉಸಾಬರಿ ಏಕೆ ಎಂದು ಸಹೋದ್ಯೋಗಿಗಳು ಕೇಳಿದ್ದಾರೆ. ನೈಸರ್ಗಿಕ ಆಹಾರವೆಲ್ಲ ಭ್ರಮೆ ಎಂದು ನೇರವಾಗಿ ಏಕೆ ಹೇಳಲಿಲ್ಲ ಎಂದು ಮಗಳೂ ಕೇಳಿದಳು. ಭ್ರಮೆಯಲ್ಲ ಎಂಬುದೇ ಉತ್ತರ. ಸಿಹಿ ಪೇಯ ಬಿಟ್ಟಿದ್ದು, ಉಪ್ಪು ಕಡಿಮೆ ಮಾಡಿದ್ದು, ಹೊತ್ತಿಗೆ ಸರಿಯಾಗಿ ಮಲಗುವುದು, ನಡಿಗೆ, ಇವೆಲ್ಲ ಆಕೆ ಸರಿಯಾಗಿಯೇ ಮಾಡುತ್ತಿದ್ದರು. ಆ ಮನೆಯಲ್ಲಿ ಆಕೆಯ ಇಚ್ಛೆಯಂತೆ ನಡೆಯುತ್ತಿದ್ದ ಒಂದೇ ವಿಷಯ ಆಕೆಯ ತಟ್ಟೆ. ಅದನ್ನೂ ಕಿತ್ತುಕೊಂಡರೆ ಉಳಿಯುವುದೇನು? ಇನ್ನು ಅಂಕಿಗಳ ವಿಷಯ: 14 ತಿಂಗಳು ತೂಕ ಬರೆದಿಟ್ಟವರಿಗೆ "ಚೆನ್ನಾಗಿ ತಿನ್ನಿ, ಧೈರ್ಯವಾಗಿರಿ" ಎಂದರೆ ಅದು ಸಲಹೆಯಾಗುವುದಿಲ್ಲ. ನೋಟ್‌ಬುಕ್ಕನ್ನು ಹಾಗೇ ಬಿಟ್ಟು, ಹೊಟ್ಟೆ ಖಾಲಿ ಇದ್ದ ಗಂಟೆಗಳ ಕಾಲಂ ಅಳಿಸಿ ಅಲ್ಲಿ ಕುರ್ಚಿಯ ಸೆಕೆಂಡು ಬರೆಯಿರಿ ಎಂದೆ. ಅಷ್ಟಕ್ಕೆ ಒಪ್ಪಿದರು.

ಐದು ತಿಂಗಳಾಗಿದೆ. ತೂಕ 51. ಐದು ಸಲ ಏಳಲು ಈಗ 17 ಸೆಕೆಂಡ್, ಕೈ ಊರುವುದಿಲ್ಲ. ಮೊನ್ನೆ ಬಂದಾಗ ಆ ಎರಡು ಕೆ.ಜಿ. ಬಗ್ಗೆ ಗೊಣಗಿದರು. ಏರಿದ್ದು ಎಲ್ಲಿಗೆ ಹೋಗಿದೆ ಎಂದು ತೊಡೆ ಮುಟ್ಟಿ ನೋಡಿಕೊಳ್ಳಿ ಎಂದೆ. ನಿಜವಾಗಿಯೂ ಒತ್ತಿ ನೋಡಿಕೊಂಡರು. ಹೊರಡುವಾಗ ಮಗಳು ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಾಗಿಲ ಬಳಿ ನಿಂತಿದ್ದಳು.