ಸರಿಯನ್ನು ಸಿಂಕಿಗೆ ಸುರಿದೆ, ಅತ್ತೆ ಮಾತು ಬಿಟ್ಟರು

ಪ್ರಶ್ನೆ: ನಮ್ಮ ಮಗಳಿಗೆ ಆರು ತಿಂಗಳು ತುಂಬಿ ಹತ್ತು ದಿನವಾಯಿತು. ಬೆಂಗಳೂರಿನಲ್ಲಿದ್ದೇವೆ, ಗಂಡನ ಊರು ಚನ್ನರಾಯಪಟ್ಟಣದ ಹತ್ತಿರ ಒಂದು ಹಳ್ಳಿ. ಹೆರಿಗೆ ರಜೆಗೆ ಗಳಿಕೆ ರಜೆಯನ್ನೂ ಸೇರಿಸಿಕೊಂಡಿದ್ದೇನೆ, ಅದೂ ಇನ್ನು ಮೂರು ವಾರಕ್ಕೆ ಮುಗಿಯುತ್ತದೆ. ಮಗುವನ್ನು ನೋಡಿಕೊಳ್ಳಲೆಂದೇ ಅತ್ತೆ ಬಂದಿದ್ದಾರೆ. ಬರುವಾಗ ಹದಿನಾಲ್ಕು ಬಗೆಯ ಕಾಳು ಸೇರಿಸಿ ಬೀಸಿಸಿದ ರಾಗಿ ಸರಿ ಪುಡಿ ತಂದರು. ಮಗುವನ್ನು ಕಾಲಿನ ಮೇಲೆ ಅಂಗಾತ ಮಲಗಿಸಿಕೊಂಡು ಒಳಲೆಯಲ್ಲಿ, ಅಂದರೆ ಚೂಪು ಮೂತಿಯ ಪುಟ್ಟ ಬಟ್ಟಲಿನಲ್ಲಿ, ಹುಯ್ಯುತ್ತಾರೆ. ಅದು ಅಳುತ್ತಾ ಕೆಮ್ಮುತ್ತಾ ನುಂಗುವುದನ್ನು ನನ್ನಿಂದ ನೋಡಲಾಗುವುದಿಲ್ಲ. ಬೆಲ್ಲ ಹಾಕುತ್ತಾರೆ. ಮಾತು ಬೇಗ ಬರಲಿ ಎಂದು ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸುತ್ತಾರೆ. ನಾನು ಸೇಬು, ಕ್ಯಾರೆಟ್ ಬೇಯಿಸಿ ನುಣ್ಣಗೆ ರುಬ್ಬಿ ಕೊಡುತ್ತೇನೆ. 'ಹಣ್ಣಿನ ನೀರು ಕುಡಿಸಿ ಮಗೂನ ಸೊರಗಿಸ್ತಾಳೆ' ಎಂದು ಊರಿಗೆ ಫೋನ್ ಮಾಡಿ ಹೇಳುತ್ತಾರೆ. ಹೋದ ವಾರ ಅವರು ಕಾಯಿಸಿಟ್ಟಿದ್ದ ಸರಿಯನ್ನು ಸಿಂಕಿಗೆ ಸುರಿದುಬಿಟ್ಟೆ. ಅವರು ನೋಡಿದರು. ಅಂದಿನಿಂದ ಮಾತಿಲ್ಲ, ಊರಿಗೆ ಹೋಗ್ತೀನಿ ಎನ್ನುತ್ತಿದ್ದಾರೆ. ಗಂಡನನ್ನು ಕೇಳಿದರೆ 'ನಾವೆಲ್ಲ ಅದನ್ನೇ ಕುಡಿದು ಬೆಳೆದಿಲ್ವಾ' ಎನ್ನುತ್ತಾರೆ. ಅತ್ತೆ ಹೋದರೆ ನಾನು ಕೆಲಸ ಬಿಡಬೇಕು. ಯಾರು ಸರಿ? ನಾನೇನು ಮಾಡಲಿ?
ಹೆಸರು ಬೇಡ, ಬೆಂಗಳೂರು

ಉತ್ತರ: ಯಾರು ಸರಿ ಎಂದು ಕೇಳಿದ್ದೀರಿ. ಬಟ್ಟಲಲ್ಲಿರುವುದರ ಮಟ್ಟಿಗೆ ಅತ್ತೆ ಮುಕ್ಕಾಲು ಪಾಲು ಸರಿ. ಅದನ್ನು ಮಗುವಿನ ಬಾಯಿಗೆ ಸೇರಿಸುವ ರೀತಿಯಲ್ಲಿ ನೀವು ಪೂರ್ತಿ ಸರಿ. ಸಿಂಕಿನ ವಿಷಯದಲ್ಲಿ ಮಾತ್ರ ನಿಮ್ಮ ಪರ ವಾದಿಸಲು ನನ್ನ ಹತ್ತಿರ ಏನೂ ಇಲ್ಲ.

ಸರಿ ಪುಡಿ ಮಾಡುವುದನ್ನು ನೀವು ಹತ್ತಿರದಿಂದ ನೋಡಿದ್ದೀರೋ ಇಲ್ಲವೋ. ರಾಗಿಯನ್ನು ಕಲ್ಲು ಹೋಗುವಂತೆ ಜಾಲಿಸಬೇಕು, ರಾತ್ರಿಯಿಡೀ ನೆನೆಹಾಕಬೇಕು, ನೀರು ಬಸಿದು ತೆಳ್ಳನೆಯ ಬಟ್ಟೆಯಲ್ಲಿ ಗಂಟು ಕಟ್ಟಿ ಮೊಳಕೆ ಬರಿಸಬೇಕು. ಗಂಟು ಒಣಗದಂತೆ ಆಗಾಗ ನೀರು ಚಿಮುಕಿಸಬೇಕು, ನೀರು ಹೆಚ್ಚಾದರೆ ಹುಳಿ ವಾಸನೆ ಬಂದುಬಿಡುತ್ತದೆ. ಬಿಳಿ ಮೊಳಕೆ ಇಣುಕಿದ ಮೇಲೆ ನೆರಳಲ್ಲಿ ಹರಡಿ ಒಣಗಿಸಿ, ಸಣ್ಣ ಉರಿಯಲ್ಲಿ ಘಮ್ಮೆನ್ನುವ ತನಕ ಹುರಿದು, ಮಿಲ್ಲಿನವನಿಗೆ 'ಖಾರದ ಪುಡಿ ಬೀಸಿದ ಮೇಲೆ ಹಾಕಬೇಡಪ್ಪಾ, ಮಗೂಗೆ' ಎಂದು ಹೇಳಿ ಬೀಸಿಸಿಕೊಂಡು ಬಂದು, ಮತ್ತೆ ಬಟ್ಟೆಯಲ್ಲಿ ಜರಡಿ ಹಿಡಿಯಬೇಕು. ಮೂರು ನಾಲ್ಕು ದಿನದ ಕೆಲಸ. ಅಷ್ಟೆಲ್ಲ ಮಾಡಿ ಡಬ್ಬ ಹೊತ್ತು ತಂದವರ ಕಣ್ಣೆದುರು ನೀವು ನಲ್ಲಿ ತಿರುಗಿಸಿದಿರಿ.

ಆ ಮೊಳಕೆ ಬರಿಸುವ ಕೆಲಸ ಸುಮ್ಮನೆ ಬಂದ ಪದ್ಧತಿಯಲ್ಲ. ಏಳು ಕಿಲೋ ತೂಗುವ ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು 200 ಮಿಲಿಲೀಟರ್ ಆಸುಪಾಸು. ಬರೀ ರಾಗಿ ಹಿಟ್ಟನ್ನು ಕಾಯಿಸಿದರೆ ಎರಡು ಚಮಚಕ್ಕೇ ಮುದ್ದೆಯಾಗುತ್ತದೆ, ನೀರು ಸೇರಿಸಿ ತೆಳ್ಳಗೆ ಮಾಡಿದರೆ ಹೊಟ್ಟೆ ತುಂಬುತ್ತದೆಯೇ ಹೊರತು ಮೈಗೆ ಹತ್ತುವುದು ಕಡಿಮೆ. ಮೊಳಕೆ ಬಂದಾಗ ಕಾಳಿನೊಳಗೆ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆಯುತ್ತದೆ, ಹಾಗಾಗಿ ಹೆಚ್ಚು ಹಿಟ್ಟು ಹಾಕಿದರೂ ಸರಿ ಗಂಟಲಲ್ಲಿ ಇಳಿಯುವಂತಿರುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾ ಸಂಸ್ಥೆಯ (ಸಿಎಫ್‌ಟಿಆರ್‌ಐ) ವಿಜ್ಞಾನಿಗಳು 1980ರ ದಶಕದಲ್ಲಿ ಮೊಳಕೆ ಬರಿಸಿದ ರಾಗಿ, ಹೆಸರುಕಾಳು ಸೇರಿಸಿ ಮಕ್ಕಳ ಆಹಾರ ರೂಪಿಸಿದ್ದು ಇದೇ ಗುಣಕ್ಕಾಗಿ. 100 ಗ್ರಾಂ ರಾಗಿಯಲ್ಲಿ ಕ್ಯಾಲ್ಸಿಯಂ ಸುಮಾರು 360 ಮಿಲಿಗ್ರಾಂ ಇದೆ, ಅಕ್ಕಿ ಗೋಧಿ ಅದರ ಹತ್ತಿರಕ್ಕೂ ಬರುವುದಿಲ್ಲ. ನಿಮ್ಮ ಅತ್ತೆಗೆ ಈ ಲೆಕ್ಕ ಗೊತ್ತಿಲ್ಲದಿರಬಹುದು, ಕೆಲಸ ಗೊತ್ತಿದೆ.

ಇನ್ನು ಒಳಲೆ. ಇಲ್ಲಿ ರಾಜಿ ಬೇಡ. ತಿಂಗಳು ತುಂಬುವ ಮುಂಚೆ ಹುಟ್ಟಿ ಮೊಲೆ ಚೀಪಲಾರದ ಕೂಸುಗಳಿಗೆ ಆಸ್ಪತ್ರೆಗಳಲ್ಲೂ ಅದರಿಂದ ಹಾಲು ಕುಡಿಸುತ್ತಾರೆ, ತಲೆ ಎತ್ತಿ ಹಿಡಿದು, ಗುಟುಕು ಗುಟುಕಾಗಿ. ಆರು ತಿಂಗಳ ಮಗುವನ್ನು ಅಂಗಾತ ಮಲಗಿಸಿ, ಅದು ಅಳುತ್ತಿರುವಾಗ ಗಟ್ಟಿ ಸರಿ ಹುಯ್ಯುವುದು ಬೇರೆಯೇ ಮಾತು. ಅಳಲು ಬಾಯಿ ತೆರೆದ ಮಗು ಉಸಿರನ್ನೂ ಒಳಗೆಳೆಯುತ್ತದೆ, ಸರಿ ಶ್ವಾಸನಾಳಕ್ಕೆ ಹೋಗುತ್ತದೆ. ನೀವು ನೋಡಿದ ಕೆಮ್ಮು ಅದೇ. ಪುಪ್ಪುಸಕ್ಕೆ ಇಳಿದರೆ ನ್ಯುಮೋನಿಯಾ. ಮಗುವನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡು ಚಮಚದ ತುದಿಯಲ್ಲಿ ಕೊಡಬೇಕು, ಅದು ಬಾಯಿ ತೆರೆದರೆ ಮಾತ್ರ. ಮುಖ ತಿರುಗಿಸಿದರೆ ಊಟ ಮುಗಿಯಿತು. ಶುರುವಿನ ದಿನಗಳಲ್ಲಿ ನಾಲಿಗೆಯಿಂದ ಹೊರಗೆ ತಳ್ಳುತ್ತದೆ, ಅದು ಬೇಡವೆನ್ನುವುದಲ್ಲ, ನುಂಗುವುದನ್ನು ಕಲಿಯುತ್ತಿದೆ. ನಾಳೆ ಅದನ್ನೇ ಮತ್ತೆ ಕೊಡಿ.

ಜೇನೂ ಹಾಗೆಯೇ, ವರ್ಷ ತುಂಬುವವರೆಗೆ ಒಂದು ಹನಿಯೂ ಬೇಡ. ಕ್ಲಾಸ್ಟ್ರಿಡಿಯಂ ಬೊಟುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಜೇನಿನಲ್ಲಿ ಇರಬಹುದು. ದೊಡ್ಡವರ ಕರುಳು ಅದನ್ನು ದಕ್ಕಿಸಿಕೊಳ್ಳುತ್ತದೆ, ಕೂಸಿನ ಕರುಳಿನಲ್ಲಿ ಅವು ಮೊಳೆತು ವಿಷ ಬಿಡುತ್ತವೆ. ಮಲ ಕಟ್ಟುತ್ತದೆ, ಅಳು ಕ್ಷೀಣಿಸುತ್ತದೆ, ಕತ್ತು ಕೈಕಾಲು ಜೋತು ಬೀಳುತ್ತವೆ. ಅಪರೂಪದ ಕಾಯಿಲೆ, ಆದರೆ ಉಸಿರಾಟಕ್ಕೇ ಕುತ್ತು ತರುವಂಥದ್ದು. ತೋಟದ ಜೇನು, ಕಾಡಿನ ಜೇನು, ಕಾಯಿಸಿದ ಜೇನು, ಯಾವುದಕ್ಕೂ ವಿನಾಯಿತಿ ಇಲ್ಲ. ಬಜೆಯನ್ನೂ ಕೈಬಿಡಿ. ಮಾತು ಬರುವುದು ಮಗುವಿನ ಜೊತೆ ಮಾತಾಡಿದರೆ, ಆ ಕೆಲಸವನ್ನು ಅತ್ತೆ ದಿನವಿಡೀ ಮಾಡುತ್ತಿದ್ದಾರೆ ಎಂದು ನನ್ನ ಊಹೆ.

ಉಪ್ಪು, ಬೆಲ್ಲ ಇಷ್ಟು ಭಯ ಹುಟ್ಟಿಸುವಂಥವಲ್ಲ. ಉಪ್ಪು ವರ್ಷದವರೆಗೆ, ಬೆಲ್ಲ ಸಕ್ಕರೆ ಎರಡು ವರ್ಷದವರೆಗೆ ಬೇಡ ಎನ್ನುತ್ತಾರೆ ಮಕ್ಕಳ ವೈದ್ಯರು. ಕೊಟ್ಟದ್ದು ಕೊಟ್ಟಾಯಿತು, ಅದಕ್ಕಾಗಿ ಜಗಳ ಹಚ್ಚಬೇಡಿ. ಕಿವುಚಿದ ಬಾಳೆಹಣ್ಣು ಬೆರೆಸಿದರೆ ಸಿಹಿಯೂ ಆಯಿತು, ಅತ್ತೆಗೆ ಸಪ್ಪೆ ಎಂಬ ಕೊರಗೂ ತಪ್ಪಿತು.

ಈಗ ನಿಮ್ಮ ಬಟ್ಟಲಿಗೆ ಬರೋಣ, ಬೇಜಾರು ಮಾಡಿಕೊಳ್ಳಬೇಡಿ. ಸೇಬು, ಕ್ಯಾರೆಟ್ ರುಬ್ಬಿ ಕೊಡುತ್ತಿರುವುದರಲ್ಲಿ ತಪ್ಪೇನಿಲ್ಲ, ಆದರೆ ಅದು ಊಟವಲ್ಲ. 'ಹಣ್ಣಿನ ನೀರು' ಎಂಬ ಅತ್ತೆಯ ಮಾತು ಒರಟು, ಸುಳ್ಳಲ್ಲ. ತಾಯಿಯ ಗರ್ಭದಲ್ಲಿದ್ದಾಗ ಮಗು ಕೂಡಿಟ್ಟುಕೊಂಡ ಕಬ್ಬಿಣದ ದಾಸ್ತಾನು ಆರು ತಿಂಗಳ ಹೊತ್ತಿಗೆ ಖಾಲಿಯಾಗುತ್ತಾ ಬರುತ್ತದೆ, ಎದೆಹಾಲಿನಲ್ಲಿ ಕಬ್ಬಿಣ ಬಹಳ ಕಡಿಮೆ. ಈ ವಯಸ್ಸಿಗೆ ಊಟ ಶುರುಮಾಡುವುದಕ್ಕೆ ಇದೇ ದೊಡ್ಡ ಕಾರಣ. ಸೇಬಿನಲ್ಲಿ ಕಬ್ಬಿಣ ಹೆಸರಿಗಷ್ಟೇ. ರಾಗಿಯಲ್ಲಿ ಇದೆ, ಆದರೆ ಮಗು ದಿನಕ್ಕೆ ತಿನ್ನುವ ಇಪ್ಪತ್ತು ಗ್ರಾಂ ಹಿಟ್ಟಿನಲ್ಲಿ ಒಂದು ಮಿಲಿಗ್ರಾಂ ಕೂಡ ಸಿಗುವುದಿಲ್ಲ, ಅದರಲ್ಲೂ ಮೈ ಹೀರಿಕೊಳ್ಳುವುದು ಅಲ್ಪಸ್ವಲ್ಪ. ನೀವಿಬ್ಬರೂ ಯಾವುದಕ್ಕೆ ಕಾದಾಡುತ್ತಿದ್ದೀರೋ ಆ ಎರಡೂ ಬಟ್ಟಲಲ್ಲಿ ಮಗುವಿಗೆ ಬೇಕಾದದ್ದು ಕೊರತೆಯೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಮಂದಿಗೆ ರಕ್ತಹೀನತೆ ಕಂಡುಬಂತು. ಹೊಟ್ಟೆಗಿಲ್ಲದ ಮನೆಯ ಮಕ್ಕಳಷ್ಟೇ ಅಲ್ಲ, ನಿಮ್ಮಂಥ ಮನೆಯ ಮಕ್ಕಳೂ ಆ ಲೆಕ್ಕದಲ್ಲಿದ್ದಾರೆ.

ಹಾಗಾದರೆ ಏನು ಬೇಯಿಸುವುದು? ಎರಡು ಹಿಡಿ ಅಕ್ಕಿಗೆ ಒಂದು ಹಿಡಿ ಹೆಸರುಬೇಳೆ, ಕುಕ್ಕರಿನಲ್ಲಿ ಚೆನ್ನಾಗಿ ಮೆತ್ತಗಾಗುವಂತೆ ಬೇಯಿಸಿ. ಉಪ್ಪು ಒಗ್ಗರಣೆ ಬೀಳುವ ಮುಂಚೆಯೇ ಮಗುವಿನ ಪಾಲು ತೆಗೆದಿಟ್ಟುಕೊಳ್ಳಿ, ಉಳಿದದ್ದು ಮನೆಮಂದಿಗೆ ಹುಗ್ಗಿಯಾಗುತ್ತದೆ. ಬೇಯುವಾಗಲೇ ನುಗ್ಗೆಸೊಪ್ಪೋ ದಂಟಿನ ಸೊಪ್ಪೋ ಎಲೆ ಮಾತ್ರ ಬಿಡಿಸಿ ಹಾಕಿ. ಮಿಕ್ಸಿ ಬೇಡ, ಚಮಚದ ಹಿಂಬದಿಯಿಂದ ಮಸೆಯಿರಿ, ನಾಲಿಗೆಗೆ ಸ್ವಲ್ಪ ತರಿ ಸಿಗಲಿ. ತೀರಾ ನುಣ್ಣಗಿನದಕ್ಕೇ ಒಗ್ಗಿಹೋದ ಮಗು ಒಂಬತ್ತು ತಿಂಗಳಲ್ಲೂ ಅನ್ನದ ಅಗುಳಿಗೆ ಓಕರಿಸುತ್ತದೆ. ಚಮಚ ಓರೆ ಮಾಡಿದರೆ ಜಾರಿ ಬೀಳದಷ್ಟು ಗಟ್ಟಿಯಿರಲಿ. ಮೇಲೆ ಅರ್ಧ ಚಮಚ ತುಪ್ಪ, ನಾಲ್ಕು ಹನಿ ನಿಂಬೆರಸ. ನಿಂಬೆ ರುಚಿಗಲ್ಲ, ಸೊಪ್ಪು ಬೇಳೆಯಲ್ಲಿರುವ ಕಬ್ಬಿಣವನ್ನು ಮೈ ಹೀರಿಕೊಳ್ಳಲು ಅದರ ಸಿ ಜೀವಸತ್ವ ಬೇಕು.

ನಿಮ್ಮ ಮನೆಯಲ್ಲಿ ಮೊಟ್ಟೆ ಮಾಂಸ ತಿನ್ನುವವರಾದರೆ ಹಲ್ಲು ಬರಲೆಂದು ಕಾಯಬೇಡಿ. ಗಟ್ಟಿಯಾಗಿ ಬೇಯಿಸಿದ ಮೊಟ್ಟೆಯನ್ನು ಎದೆಹಾಲಿನಲ್ಲಿ ಮಸೆದು ಮೊದಲ ದಿನ ಕಾಲು ಚಮಚ, ಹೊಟ್ಟೆಗೆ ಹಿಡಿಸಿದರೆ ಹೆಚ್ಚಿಸುತ್ತಾ ಹೋಗಿ. ಉಷ್ಣ ಎನ್ನುವ ಮಾತು ಬರುತ್ತದೆ, ಬರಲಿ. ಕೋಳಿ ಸಾರಿನ ದಿನ ಖಾರ ಹಾಕುವ ಮುಂಚೆ ಬೆಂದ ಲಿವರ್ ಒಂದು ಚೂರು ಅರೆದು ಅನ್ನಕ್ಕೆ ಬೆರೆಸಿ, ವಾರಕ್ಕೊಮ್ಮೆ ಅರ್ಧ ಚಮಚ ಸಾಕು. ಬರೀ ಸಾರಿನ ತಿಳಿ ಕುಡಿಸಿದರೆ ಏನೂ ಬಂದಂತಾಗುವುದಿಲ್ಲ.

ಹದಿನಾಲ್ಕು ಕಾಳಿನ ಪುಡಿಯನ್ನು ಬಿಸಾಡಬೇಡಿ, ಮೇಲಿನ ಶೆಲ್ಫಿಗೆ ಏರಿಸಿ. ಈಗಲೇ ಅದನ್ನು ಕೊಟ್ಟು ಮೈಮೇಲೆ ದದ್ದು ಎದ್ದರೆ ಬಾದಾಮಿಯಿಂದಲೋ ಗೋಧಿಯಿಂದಲೋ ಸೋಯಾದಿಂದಲೋ ಹೇಗೆ ಹೇಳುತ್ತೀರಿ? ಒಂದೊಂದೇ ಪದಾರ್ಥ, ನಡುವೆ ಎರಡು ಮೂರು ದಿನ. ಎಲ್ಲವೂ ಒಗ್ಗಿದ ಮೇಲೆ ಆ ಡಬ್ಬ ಇಳಿಸಿ. ಅಲ್ಲಿಯವರೆಗೆ ಮೂರು ಪಾಲು ಮೊಳಕೆ ರಾಗಿಗೆ ಒಂದು ಪಾಲು ಮೊಳಕೆ ಹೆಸರುಕಾಳು, ಇಷ್ಟನ್ನೇ ಹೊಸದಾಗಿ ಮಾಡಿಕೊಡಿ ಎಂದು ಅತ್ತೆಯನ್ನು ಕೇಳಿ. ಕೇಳುವುದು ಮುಖ್ಯ. ನೀವಾಗಿ ಕೇಳಿದ್ದು ಇದೇ ಮೊದಲಾಗಿರಬಹುದು.

ಅಳತೆಗೆ ತಲೆ ಕೆಡಿಸಿಕೊಳ್ಳಬೇಡಿ. ಈಗ ದಿನಕ್ಕೆ ಎರಡು ಹೊತ್ತು, ಎರಡು ಮೂರು ಚಮಚದಿಂದ ಶುರು, ಎಂಟು ತಿಂಗಳ ಹೊತ್ತಿಗೆ ಮೂರು ಹೊತ್ತು ಅರ್ಧ ಅರ್ಧ ಬಟ್ಟಲು. ಎದೆಹಾಲು ಎಂದಿನಂತೆ. ಬೆಳಗ್ಗೆ ಕಾಯಿಸಿದ ಸರಿಯನ್ನು ಫ್ಲಾಸ್ಕಿಗೆ ತುಂಬಿ ಸಂಜೆವರೆಗೆ ಕೊಡುವ ಅಭ್ಯಾಸ ಕೆಲವು ಮನೆಗಳಲ್ಲಿದೆ. ಆ ಬೆಚ್ಚಗಿನಲ್ಲಿ ರೋಗಾಣುಗಳು ಬೆಳೆಯುತ್ತವೆ, ಆಗಾಗಿನದು ಆಗಾಗ ಮಾಡಬೇಕು. ಕಬ್ಬಿಣದ ಸಿರಪ್ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ. ಸರ್ಕಾರದ ಯೋಜನೆಯಲ್ಲಿ ಆರು ತಿಂಗಳು ತುಂಬಿದ ಮಕ್ಕಳಿಗೆ ವಾರಕ್ಕೆ ಎರಡು ಸಲ ಒಂದೊಂದು ಮಿಲಿಲೀಟರ್, ಆಶಾ ಕಾರ್ಯಕರ್ತೆಯ ಮೂಲಕ ಸಿಗುತ್ತದೆ. ವೈದ್ಯರು ಬೇರೆ ಹನಿ ಬರೆದುಕೊಟ್ಟಿದ್ದರೆ ಎರಡನ್ನೂ ಸೇರಿಸಿ ಕೊಡಬೇಡಿ. ಸಿರಪ್ ಶುರುವಾದ ಮೇಲೆ ಮಲ ಕಪ್ಪಾಗುತ್ತದೆ, ಅದು ಕಬ್ಬಿಣದ ಬಣ್ಣ. ಅತ್ತೆಗೆ ಮೊದಲೇ ಹೇಳಿಡಿ.

ಇನ್ನು ನಿಮ್ಮ ಯಜಮಾನರು. 'ನಾವೆಲ್ಲ ಅದನ್ನೇ ಕುಡಿದು ಬೆಳೆದಿಲ್ವಾ' ಎಂಬ ಮಾತನ್ನು ಹೇಳಲು ಬೆಳೆದವರು ಮಾತ್ರ ಉಳಿದಿರುತ್ತಾರೆ. ಒಳಲೆ, ಜೇನು, ಈ ಎರಡನ್ನೂ ನಿಲ್ಲಿಸಲು ಹೇಳಬೇಕಾದವರು ಅವರು. ಸೊಸೆ ಹೇಳಿದರೆ ಅದು ಅಧಿಕಪ್ರಸಂಗ, ಮಗ ಹೇಳಿದರೆ ಬರೀ ಸುದ್ದಿ. ಅದು ನ್ಯಾಯವಲ್ಲ, ಆದರೆ ನಮ್ಮ ಮನೆಗಳು ನಡೆಯುವುದು ಹಾಗೆ, ಮೂರು ವಾರದಲ್ಲಿ ಅದನ್ನು ಬದಲಿಸಲು ಹೊರಡಬೇಡಿ. ಅವರು ಇಷ್ಟು ಹೇಳಿದರೆ ಸಾಕು: 'ಅವ್ವಾ, ಕೂರಿಸಿಕೊಂಡು ಚಮಚದಲ್ಲೇ ಕೊಡು, ಜೇನು ವರ್ಷ ಆಗೋವರೆಗೂ ಬೇಡ, ಇದು ನಮ್ಮಿಬ್ಬರ ತೀರ್ಮಾನ.' 'ಅವಳು ಹೇಳಿದಳು' ಎಂಬ ಮಾತು ಅವರ ಬಾಯಿಂದ ಬರಕೂಡದು. ಹೇಳಲು ಅವರು ಹಿಂದೇಟು ಹಾಕಿದರೆ, ಒಂದು ಭಾನುವಾರ ಮೂರು ಹೊತ್ತೂ ಮಗುವಿಗೆ ಅವರೇ ತಿನ್ನಿಸಲಿ. ನೋಡೋಣ. ಮುಂದಿನ ಸಲ ವೈದ್ಯರ ಹತ್ತಿರ ಹೋಗುವಾಗ ಅತ್ತೆಯನ್ನು ಕರೆದುಕೊಂಡು ಹೋಗಿ, ಕೇಳುವುದನ್ನೆಲ್ಲ ಅವರೇ ಕೇಳಲಿ, ನೀವು ಬಾಯಿ ಬಿಡಬೇಡಿ.

ಕ್ಷಮೆ ಮಾತ್ರ ನೀವೇ ಕೇಳಬೇಕು, ಗಂಡನ ಕೈಲಿ ಹೇಳಿಸಬೇಡಿ. 'ಅತ್ತೆ, ನೀವು ಅಷ್ಟು ಕಷ್ಟಪಟ್ಟು ಮಾಡಿದ್ದನ್ನ ಚೆಲ್ಲಿದ್ದು ನನ್ನ ತಪ್ಪು. ಮಗು ಕೆಮ್ಮಿದ್ದು ನೋಡಿ ಹೆದರಿಬಿಟ್ಟೆ.' ಅಷ್ಟೇ. 'ಆದರೆ' ಎಂದು ಮುಂದುವರಿಸಬೇಡಿ. ಒಳಲೆ ಬೇಡವೆಂದದ್ದಕ್ಕೆ ಕ್ಷಮೆ ಕೇಳುವ ಅಗತ್ಯವಿಲ್ಲ, ಎರಡನ್ನೂ ಒಂದೇ ಉಸಿರಿನಲ್ಲಿ ಬೆರೆಸಿದರೆ ಎರಡೂ ಕೆಡುತ್ತವೆ. ಹಗಲು ಹೊತ್ತು ಏನು ಬೇಯಿಸಬೇಕು ಎಂಬುದನ್ನು ಅವರಿಗೇ ಬಿಡಿ. ಫೋನ್ ಮಾಡಿ ಎಷ್ಟು ಚಮಚ ತಿಂದಳು ಎಂದು ಲೆಕ್ಕ ಕೇಳಬೇಡಿ, ಊರಿಗೆ ಅವರು ಮಾಡುವ ಫೋನಿಗೂ ಕಿವಿಗೊಡಬೇಡಿ.

ಇಷ್ಟಾದರೂ ಹೊರಟೇ ಹೋದರೆ? ಕೆಲಸ ಬಿಡುವ ಮಾತು ಆಗಲೂ ಬೇಡ. 50 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಸಂಸ್ಥೆ ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಮಾಡಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಲು ಬಿಡಬೇಕು ಎಂದು ಕಾನೂನೇ ಹೇಳುತ್ತದೆ. ಹಾಲು ಹಿಂಡಿಡುವುದನ್ನು ಈ ವಾರದಿಂದಲೇ ರೂಢಿ ಮಾಡಿಕೊಳ್ಳಿ, ಫ್ರಿಜ್ಜಿನಲ್ಲಿ 24 ಗಂಟೆ ಕೆಡುವುದಿಲ್ಲ. ಅತ್ತೆ ಇರಲಿ ಬಿಡಲಿ, ನಿಮ್ಮ ಆಫೀಸಿನ ಎಚ್‌ಆರ್ ವಿಭಾಗಕ್ಕೆ ನಾಳೆಯೇ ಒಂದು ಮೇಲ್ ಹಾಕಿ, ಉತ್ತರವನ್ನು ಬರಹದಲ್ಲೇ ತರಿಸಿಕೊಳ್ಳಿ.