700 ಜನಕ್ಕೊಂದು ಪಂಚಾಯ್ತಿ ಯಾಕೆ?

ಓದುಗರ ಪತ್ರ: ಯುರೋಪಿನ ಎಸ್ಟೋನಿಯಾ ದೇಶದ ಕಿಹ್ನು ದ್ವೀಪದ ಬಗ್ಗೆ ನೀವು ಪ್ರಕಟಿಸಿದ ಲೇಖನ ಓದಿದೆ. ಬರೀ 700 ಜನಕ್ಕೆ ಪ್ರತ್ಯೇಕ ಸ್ಥಳೀಯ ಆಡಳಿತ ದಂಡವಲ್ಲವೇ? ಪಟ್ಟೆ ಲಂಗದ ಹೆಂಗಸರು ಪ್ರವಾಸಿಗರಿಗಾಗಿ ವೇಷ ಹಾಕಿದ ಹಾಗೆ ಕಾಣುತ್ತಾರೆ. ಅಲ್ಲಿ ಹೆಂಗಸರದ್ದೇ ರಾಜ್ಯಭಾರವಂತೆ, ನಿಜವೇ? ಹೋಗುವುದು ಹೇಗೆ?
— ಒಬ್ಬ ಓದುಗ, ಕುಂದಾಪುರ

ಸಂಪಾದಕರ ಉತ್ತರ: ಲಂಗದಿಂದಲೇ ಶುರು ಮಾಡೋಣ. ನಿಮ್ಮ ಅನುಮಾನ ಸಹಜ. ಯುನೆಸ್ಕೊ ಪಟ್ಟಿ ಸೇರಿದ್ದೆಲ್ಲ ಆಮೇಲೆ ವೇದಿಕೆ ಹತ್ತುವುದನ್ನು ನಾವೂ ನೋಡಿದ್ದೇವೆ. 2003ರಲ್ಲಿ ನಮ್ಮ ವೇದಪಠಣವನ್ನು ಗುರುತಿಸಿದಾಗಲೇ ಕಿಹ್ನುವಿನ ಸಂಸ್ಕೃತಿಗೂ ಆ ಗೌರವ ಸಿಕ್ಕಿತು. ಆದರೆ ಅಲ್ಲಿಯ ಲಂಗ ಅದಕ್ಕೂ ಎಷ್ಟೋ ಹಳೆಯದು. ಅದರ ಹೆಸರು ಕೊರ್ಟ್. ಉಣ್ಣೆಯದು, ಹೆಂಗಸರೇ ಮಗ್ಗದಲ್ಲಿ ನೇಯುತ್ತಾರೆ. ಕೆಂಪು ಜಾಸ್ತಿ ಇದ್ದರೆ ಸಂತೋಷದ ಕಾಲ. ಮನೆಯಲ್ಲಿ ಸಾವಾದರೆ ಕಪ್ಪು, ಕಡುನೀಲಿ. ದುಃಖ ಹಳೆಯದಾದ ಹಾಗೆ ಕೆಂಪು ಪಟ್ಟೆಗಳು ಒಂದೊಂದಾಗಿ ಮರಳುತ್ತವೆ. ಮೇಲೆ ಏಪ್ರನ್ ಕಟ್ಟಿದ್ದರೆ ಮದುವೆಯಾದವಳು. ಪ್ರವಾಸಿಗೆ ಇದೊಂದೂ ತಿಳಿಯುವುದಿಲ್ಲ, ಪಕ್ಕದ ಮನೆಯವಳಿಗೆ ತಿಳಿಯುತ್ತದೆ. ವೇಷವಾಗಿದ್ದರೆ ಇಷ್ಟೆಲ್ಲ ತಲೆನೋವು ಯಾರಿಗೆ ಬೇಕಿತ್ತು?

ಇನ್ನು ಹೆಂಗಸರ ರಾಜ್ಯಭಾರ. ವಿದೇಶಿ ಪತ್ರಿಕೆಗಳಿಗೆ ಈ ಮಾತು ತುಂಬಾ ಇಷ್ಟ. ನನಗೆ ಅಷ್ಟು ಹಿಡಿಸುವುದಿಲ್ಲ. ಗಂಡಸರು ಮೀನಿಗೆ, ಸೀಲ್ ಬೇಟೆಗೆ, ಹಡಗಿನ ಕೆಲಸಕ್ಕೆ ಅಂತ ತಿಂಗಳುಗಟ್ಟಲೆ ಹೊರಗಿರುತ್ತಿದ್ದರು. ಹೊಲ, ದನ, ಮಕ್ಕಳು, ಮದುವೆಯ ಹಾಡು ಎಲ್ಲ ಹೆಂಗಸರ ಹೆಗಲಿಗೆ ಬಿತ್ತು. ಕರಾವಳಿಯವರಾದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಅದು ಅಧಿಕಾರಕ್ಕಿಂತ ಜಾಸ್ತಿ ದುಡಿಮೆಯೇ. ಆ ದುಡಿಮೆಯ ಜೊತೆಗೇ ಹಾಡು, ನೇಯ್ಗೆ, ಮೂರು ದಿನದ ಮದುವೆಯ ಪದ್ಧತಿ ಉಳಿದುಕೊಂಡವು.

ಈಗ ದುಡ್ಡಿನ ಪ್ರಶ್ನೆ. ನೀವು ಕೇಳಿದ್ದನ್ನೇ ಎಸ್ಟೋನಿಯಾ ಸರ್ಕಾರವೂ ಕೇಳಿತ್ತು. 2017ರಲ್ಲಿ ಅಲ್ಲಿ 213 ಸ್ಥಳೀಯ ಆಡಳಿತಗಳನ್ನು ಕೂಡಿಸಿ 79 ಮಾಡಿದರು. ಕನಿಷ್ಠ 5,000 ಜನ ಇರಲೇಬೇಕು ಅನ್ನುವುದು ನಿಯಮ. ಸಮುದ್ರದ ದ್ವೀಪಗಳಿಗೆ ವಿನಾಯಿತಿ ಕೊಟ್ಟರು. ಹಾಗಾಗಿ ಕಿಹ್ನು, ರೂಹ್ನು, ವೊರ್ಮ್ಸಿ, ಮುಹು ತಮ್ಮ ತಮ್ಮ ಪಾಡಿಗೆ ಉಳಿದವು.

ನನ್ನ ಮಟ್ಟಿಗೆ ಇದು ದಂಡವಲ್ಲ. ಕಿಹ್ನುವಿನ ಶಾಲೆ ನಡೆಸುವುದು ಆ ಪುಟ್ಟ ಆಡಳಿತವೇ. ಮಕ್ಕಳು ದ್ವೀಪದ ಮಾತನ್ನೂ ಪದ್ಧತಿಯನ್ನೂ ಅಲ್ಲೇ ಕಲಿಯುತ್ತಾರೆ. ಶಾಲೆ ಮುಚ್ಚಿದರೆ ಮಕ್ಕಳಿರುವ ತಾಯಂದಿರು ದಡದ ಊರಿಗೆ ಹೋಗಲೇಬೇಕು. ಆಗ ಮಗ್ಗದ ಮುಂದೆ ಕೂರುವವರು ಯಾರು? ಮ್ಯೂಸಿಯಂ ಇದೆ, ಚೆನ್ನಾಗಿಯೂ ಇದೆ, ಆದರೆ ಮ್ಯೂಸಿಯಂ ನೇಯುವುದಿಲ್ಲ.

ಪಕ್ಕದಲ್ಲೇ ಮನಿಯಾ ಅನ್ನುವ ಪುಟಾಣಿ ದ್ವೀಪವಿದೆ. ಕಿಹ್ನುವಿನಲ್ಲಿ ಭೂಮಿ ಸಾಲದೆ 1933ರಲ್ಲಿ ಕೆಲವು ಕುಟುಂಬಗಳು ಅಲ್ಲಿ ನೆಲೆಸಿದವು. ಯುನೆಸ್ಕೊ ಪಟ್ಟಿಯಲ್ಲಿ ಎರಡೂ ಜೊತೆಗಿವೆ. ಆದರೆ ಕಿಹ್ನು ತನ್ನ ಆಡಳಿತ ಉಳಿಸಿಕೊಂಡರೆ, ಮನಿಯಾ 2017ರಲ್ಲಿ ಪರ್ನು ನಗರದ ಆಡಳಿತಕ್ಕೆ ಸೇರಿತು. ಒಂದೇ ಪರಂಪರೆಗೆ ಈಗ ಎರಡು ಕಚೇರಿ. ಇನ್ನು ಇಪ್ಪತ್ತು ವರ್ಷ ಬಿಟ್ಟು ಈ ಎರಡನ್ನೂ ಹೋಲಿಸಿ ನೋಡಿದರೆ ನಿಮ್ಮ ಪ್ರಶ್ನೆಗೆ ನನಗಿಂತ ಒಳ್ಳೆಯ ಉತ್ತರ ಸಿಗಬಹುದು.

ಹೋಗುವ ದಾರಿ: ರಾಜಧಾನಿ ಟ್ಯಾಲಿನ್‌ನಿಂದ ಬಸ್ಸಿನಲ್ಲಿ ಪರ್ನು, ಅಲ್ಲಿಂದ ಮುನಲಾಯ್ಡ್ ಬಂದರು, ಆಮೇಲೆ ಸುಮಾರು ಒಂದು ಗಂಟೆ ಫೆರ್ರಿ. ಫೆರ್ರಿಯ ಹೆಸರು ಕಿಹ್ನು ವಿರ್ವೆ. ದ್ವೀಪದ ಹಾಡುಗಾರ್ತಿಯ ಹೆಸರನ್ನೇ ಇಟ್ಟಿದ್ದಾರೆ, ಮಂತ್ರಿಯದ್ದಲ್ಲ. ಷೆಂಗೆನ್ ವೀಸಾ ಬೇಕು. ಜೂನ್ 23ರ ರಾತ್ರಿ ಊರೆಲ್ಲ ಬೆಂಕಿ ಹಾಕಿ ಹಬ್ಬ ಮಾಡುತ್ತಾರೆ, ಅದಕ್ಕೆ ಹೊಂದಿಸಿಕೊಂಡರೆ ಒಳ್ಳೆಯದು. ಲಂಗದ ಫೋಟೊ ತೆಗೆಯುವ ಮುಂಚೆ ಒಂದು ಮಾತು ಕೇಳಿ. ಕಡುನೀಲಿ ಉಟ್ಟವರನ್ನಂತೂ ಸುಮ್ನೆ ಬಿಟ್ಟುಬಿಡಿ.